ತಪ್ಪು ಯಾರದೆಂದು ಕೇಳದ ಶಾಲೆ

ಬಡವರ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ ಶಿಕ್ಷಕರು ಹೆತ್ತವರನ್ನು ದೂರುತ್ತಾರೆ, ಹೆತ್ತವರು ಶಿಕ್ಷಕರನ್ನು. ಅಮೆರಿಕದ ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ 1980ರಲ್ಲಿ ಪ್ರಕಟಿಸಿದ ‘ಸ್ಕೂಲ್ ಪವರ್’ ಕೃತಿ ಈ ಜಗಳವನ್ನೇ ಪ್ರಶ್ನಿಸುತ್ತದೆ.

ಕೋಮರ್ ಕಪ್ಪು ಜನಾಂಗದವರು. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ, ತಾಯಿ ಮ್ಯಾಗಿ ಮನೆಗೆಲಸದಾಕೆ. ಶಾಲೆಯ ಭಾಗ್ಯವೇ ಸರಿಯಾಗಿ ದಕ್ಕದ ಆ ತಾಯಿಯ ಐವರು ಮಕ್ಕಳು ಒಟ್ಟು 13 ಪದವಿಗಳನ್ನು ಪಡೆದರು. ಅಷ್ಟೇ ಚುರುಕಾಗಿದ್ದ ಬಾಲ್ಯದ ಗೆಳೆಯರು ಮಾತ್ರ ದಾರಿ ತಪ್ಪಿದರು. ಏಕೆ? ಈ ಪ್ರಶ್ನೆಯನ್ನು ಹೊತ್ತೇ ಅವರು 1968ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ನ್ಯೂ ಹೇವನ್ ನಗರದ ಎರಡು ಬಡ ಪ್ರಾಥಮಿಕ ಶಾಲೆಗಳಿಗೆ ಹೋದರು. ಮೊದಲ ವರ್ಷ ಗೊಂದಲ, ಹೆತ್ತವರ ಆಕ್ರೋಶ. ಇದನ್ನು ಅವರು ಮುಚ್ಚಿಡುವುದಿಲ್ಲ. ಕೃತಿಯ ಬಗ್ಗೆ ನಮ್ಮ ನಂಬಿಕೆ ಹುಟ್ಟುವುದೇ ಅಲ್ಲಿ.

ಮುಖ್ಯೋಪಾಧ್ಯಾಯರು, ಶಿಕ್ಷಕರು, ಹೆತ್ತವರು ಒಂದೇ ಸಮಿತಿಯಲ್ಲಿ ಕುಳಿತು ಒಮ್ಮತದಿಂದ ತೀರ್ಮಾನಿಸಬೇಕು, ಯಾರ ಮೇಲೂ ತಪ್ಪು ಹೊರಿಸಬಾರದು. ಇದು ಅವರ ನಿಯಮ. ಉತ್ತರ ಕೆರೊಲಿನಾದ ಹಳ್ಳಿಯಿಂದ ಬಂದ ಎಂಟು ವರ್ಷದ ಹುಡುಗನೊಬ್ಬ ಹೊಸ ತರಗತಿಯಲ್ಲಿ ಕಂಗಾಲಾಗಿ ಶಿಕ್ಷಕರಿಗೆ ಒದ್ದು ಓಡಿದ್ದ. ಬೇರೆಡೆಯಾದರೆ ಶಿಕ್ಷೆ, ಕೊನೆಗೆ ‘ಕೆಟ್ಟ ಹುಡುಗ’ ಎಂಬ ಹಣೆಪಟ್ಟಿ. ಇಲ್ಲಿ ಅವನ ಭಯವನ್ನು ಅರಿತು, ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಕ್ರಮವನ್ನೇ ಬದಲಿಸಿದರು. ಬಂಧ ಬೆಳೆಯದೆ ಕಲಿಕೆ ಬೆಳೆಯದು ಎಂಬುದೇ ಕೋಮರ್ ಅವರ ಮೂಲ ವಿಚಾರ. ನಗರದಲ್ಲಿ ಕೊನೆಯ ಸ್ಥಾನದಲ್ಲಿದ್ದ ಈ ಯೋಜನೆಯ ಶಾಲೆಗಳು 1980ರ ದಶಕದ ಮಧ್ಯದ ವೇಳೆಗೆ ಮುಂದಿನ ಸಾಲಿಗೆ ಬಂದವು.

ಆದರೆ ಹಾದಿ ಎಲ್ಲೆಡೆ ಅಷ್ಟು ಸುಗಮವಾಗಿರಲಿಲ್ಲ. ಮೇರಿಲ್ಯಾಂಡ್ ರಾಜ್ಯದ ಶಾಲೆಗಳ ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯೋಜನೆ ಅಲ್ಲಿ ಪೂರ್ಣವಾಗಿ ಜಾರಿಯಾಗಿರಲೂ ಇಲ್ಲ. ಮರುವರ್ಷದ ಶಿಕಾಗೋ ಅಧ್ಯಯನದಲ್ಲಿ ಸಣ್ಣ ಪ್ರಗತಿ ಕಂಡಿತು. ಸಮಿತಿಯನ್ನು ಸುತ್ತೋಲೆಯಿಂದ ರಚಿಸಬಹುದು, ವಿಶ್ವಾಸವನ್ನಲ್ಲ.

ನಮ್ಮ ತಕರಾರು ಇನ್ನೊಂದಿದೆ. ಶಾಲೆಯೊಳಗೆ ತಪ್ಪು ಯಾರದೆಂದು ಕೇಳದಿರುವುದು ವಿವೇಕ. ಆದರೆ ಆ ಮಕ್ಕಳನ್ನು ಬಡತನಕ್ಕೂ ಪ್ರತ್ಯೇಕ ಕೇರಿಗಳಿಗೂ ತಳ್ಳಿದ ವ್ಯವಸ್ಥೆಯ ಮುಂದೆ ಅದೇ ಮೌನ ವಿವೇಕವಾಗದು. ಕೋಮರ್ ಜನಾಂಗೀಯ ಅನ್ಯಾಯವನ್ನು ಬಲ್ಲವರು, ಅದರ ಬಗ್ಗೆ ಬರೆದವರು. ಅವರ ಯೋಜನೆಯನ್ನು ಎರವಲು ಪಡೆಯುವ ಅಧಿಕಾರಿಗಳು ಮಾತ್ರ ಸಮಿತಿಯನ್ನು ಇಟ್ಟುಕೊಂಡು ಪ್ರಶ್ನೆಯನ್ನು ಬಿಟ್ಟುಬಿಡುವ ಅಪಾಯವಿದೆ. ಮಗುವಿನ ಮೇಲೆ ತಪ್ಪು ಹೊರಿಸದ ಸಮಾಜ ತನ್ನ ಲೆಕ್ಕವನ್ನಾದರೂ ಒಪ್ಪಿಸಲೇಬೇಕು.