ಅನ್ನಿಸಿದ್ದಕ್ಕೆ ಸಾಕ್ಷಿ ಏನು?

ಖಿನ್ನತೆಯೆಂದರೆ ಒಳಕ್ಕೆ ತಿರುಗಿದ ಸಿಟ್ಟು ಎಂದು ಫ್ರಾಯ್ಡ್ ಪರಂಪರೆ ನಂಬಿತ್ತು. ಅದೇ ಪರಂಪರೆಯಲ್ಲಿ ಪಳಗಿದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಆ ಮಾತನ್ನು ಸಾಬೀತು ಮಾಡಲೆಂದೇ ರೋಗಿಗಳ ಕನಸುಗಳನ್ನು ಕಲೆಹಾಕಿದರು. ಕನಸುಗಳಲ್ಲಿ ಕಂಡದ್ದು ಸಿಟ್ಟಲ್ಲ. ಸೋಲು, ಕಳೆದುಕೊಂಡ ಸಂಕಟ. ಊಹೆ ತಪ್ಪಿತೆಂದು ಒಪ್ಪಿ ಅವರು ದಾರಿ ಬದಲಿಸಿ, ರೋಗಿಯ ಆಲೋಚನೆಯನ್ನು ತಿದ್ದುವ ಚಿಕಿತ್ಸೆಯತ್ತ ಹೊರಳಿದರು. 1979ರಲ್ಲಿ ಮೂವರು ಸಂಗಡಿಗರೊಂದಿಗೆ ಬರೆದ ‘ಕಾಗ್ನಿಟಿವ್ ಥೆರಪಿ ಆಫ್ ಡಿಪ್ರೆಶನ್’ ಇಂದಿಗೂ ಈ ಚಿಕಿತ್ಸೆಯ ಮೂಲಗ್ರಂಥ.

ಚಿಕಿತ್ಸೆಯ ಜೀವಾಳ ರೋಗಿ ತುಂಬುವ ಒಂದು ಕೋಷ್ಟಕ. ಮಗ ಎರಡು ದಿನದಿಂದ ಫೋನ್ ಮಾಡಿಲ್ಲ: ಇದು ಮೊದಲ ಕಾಲಂ. ಬೇಜಾರು, ನೂರಕ್ಕೆ ಎಂಬತ್ತು: ಎರಡನೆಯದು. ‘ನಾನು ಯಾರಿಗೂ ಬೇಡ’: ಮೂರನೆಯದು. ನಾಲ್ಕನೆಯದರಲ್ಲಿ ಆ ಮಾತಿಗೆ ಉತ್ತರ ಬರೆಯಬೇಕು. ಹೋದ ವಾರ ಮೂರು ಸಲ ಮಾಡಿದ್ದನಲ್ಲ? ಈಗ ಪರೀಕ್ಷೆಯಲ್ಲವೆ? ಕೊನೆಗೆ ಬೇಜಾರಿಗೆ ಮತ್ತೆ ಅಂಕ ಹಾಕಬೇಕು.

ಕನ್ನಡದಲ್ಲಿ ಇದನ್ನು ತುಂಬಲು ಕೂತರೆ ಮೊದಲ ತೊಡಕೇ ‘ಅನ್ನಿಸುತ್ತೆ’. ‘ಬೇಜಾರು ಅನ್ನಿಸುತ್ತೆ’, ‘ನಾನು ಯಾರಿಗೂ ಬೇಡ ಅನ್ನಿಸುತ್ತೆ’: ಭಾವನೆ, ಆಲೋಚನೆ ಎರಡಕ್ಕೂ ನಮಗೆ ಒಂದೇ ಕ್ರಿಯಾಪದ. ಬೆಕ್ ಕೇಳುವುದು ಇವೆರಡನ್ನೂ ಬಿಡಿಸಿಡು ಎಂದು. ಇದು ಭಾಷೆಯ ಬಡತನವಲ್ಲ. ಖಿನ್ನನಾದವನಿಗೆ ಅವೆರಡೂ ಒಟ್ಟಿಗೇ ಬರುತ್ತವೆ. ಆದರೆ ಬಿಡಿಸಿ ನೋಡುವ ಆ ಶ್ರಮದಲ್ಲೇ ಅರ್ಧ ಉಪಕಾರವಿದೆ ಎಂಬುದನ್ನೂ ನಾನು ಒಪ್ಪುತ್ತೇನೆ.

ಒಪ್ಪದಿರುವುದು ಸಿದ್ಧಾಂತದ ಜಂಬವನ್ನು. ಆಲೋಚನೆ ತಿದ್ದಿದರೆ ಮನಸ್ಸು ತಿಳಿಯಾಗುತ್ತದೆ ಎಂಬ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1996ರಲ್ಲಿ. ಅಮೆರಿಕದ ಮನೋವಿಜ್ಞಾನಿ ನೀಲ್ ಜೇಕಬ್‌ಸನ್ ಚಿಕಿತ್ಸೆಯನ್ನು ಬಿಡಿಭಾಗ ಮಾಡಿ ಪರೀಕ್ಷಿಸಿದರು. ಕೆಲವರಿಗೆ ಪೂರ್ತಿ ಚಿಕಿತ್ಸೆ. ಕೆಲವರಿಗೆ ದಿನಚರಿಯ ಭಾಗ ಮಾತ್ರ, ಅಂದರೆ ಹಾಸಿಗೆಯಿಂದ ಏಳು, ಸ್ನಾನ ಮಾಡು, ಹತ್ತು ನಿಮಿಷ ನಡೆ, ಬಿಟ್ಟ ಕೆಲಸವನ್ನು ಚೂರುಚೂರಾಗಿ ಹಿಡಿ. ಎರಡೂ ಗುಂಪು ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡವು. ಎರಡು ವರ್ಷದ ಮೇಲೂ ಗಮನಾರ್ಹ ಅಂತರ ಕಾಣಲಿಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೆಂಟು ಭೇಟಿಗಳಲ್ಲಿ ಈ ದಿನಚರಿ ಪದ್ಧತಿಯನ್ನೇ ನಡೆಸಿದ ಪ್ರಯೋಗದ ಫಲ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ತೀವ್ರ ಖಿನ್ನತೆಯವರಿಗೂ ಅದು ನೆರವಾಗಿತ್ತು.

ಹಾಗೆಂದು ಬೆಕ್ ಸೋತರೆನ್ನಲಾಗದು. ಮಾತ್ರೆ ನಿಲ್ಲಿಸಿದವರಿಗಿಂತ ಈ ಚಿಕಿತ್ಸೆ ಮುಗಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ. ಇದು ಸಣ್ಣ ಗಳಿಕೆಯಲ್ಲ. ಆದರೆ ಹಾಸಿಗೆ ಬಿಟ್ಟು ಏಳಲಾಗದವನ ಮುಂದೆ ಐದು ಕಾಲಮ್ಮಿನ ಹಾಳೆ ಹಿಡಿದು ‘ಸಾಕ್ಷಿ ಏನು?’ ಎಂದರೆ ಅದು ಪಾಟಿಸವಾಲಿನಂತೆ ಕೇಳುತ್ತದೆ. ಬೆಕ್ ಅವರ ಪುಸ್ತಕವೂ ತೀವ್ರ ಖಿನ್ನತೆಯಲ್ಲಿ ಮೊದಲು ಚಟುವಟಿಕೆಗೇ ಕೈಹಾಕಿ ಎನ್ನುತ್ತದೆ. ಕನ್ನಡದಲ್ಲಿ ಕೈಪಿಡಿ ಬರೆಯುವವರು ದಿನಚರಿಯ ಹಾಳೆಯನ್ನು ಮೊದಲ ಪುಟದಲ್ಲಿಡಲಿ. ಕೋಷ್ಟಕ ಹಿಂದಿನಿಂದ ಬರಲಿ.