ದಂಡಿನ ಠಾಣ್ಯದಲ್ಲಿ ನ್ಯಾಯಾನ್ವೇಷಣೆ

ಪತ್ತೇದಾರಿ ಕಾದಂಬರಿಯೆಂದೊಡನೆ ಮೂಗು ಮುರಿಯುವ ಪಂಡಿತರು ಹಲವರುಂಟು. ಕೊಲೆ, ಸುಳಿವು, ಕೊಲೆಗಾರನ ಪತ್ತೆ, ಇಷ್ಟರಲ್ಲಿಯೇ ಮುಗಿಯುವ ಕಥೆಗೆ ಸಾಹಿತ್ಯದ ಮರ್ಯಾದೆ ಎಲ್ಲಿಯದೆಂಬುದು ಅವರ ಆಕ್ಷೇಪ. ಅಮೆರಿಕೆಯ ಮಾರ್ಟಿನ್ ಲಿಮೋನರು 1992ರಲ್ಲಿ ಪ್ರಕಟಿಸಿದ ‘ಜೇಡ್ ಲೇಡಿ ಬರ್ನಿಂಗ್’ ಎಂಬ ಕಾದಂಬರಿಯು ಈ ಆಕ್ಷೇಪಕ್ಕೆ ತಕ್ಕ ಸಮಾಧಾನವನ್ನು ಹೇಳಬಲ್ಲುದು.

ಗ್ರಂಥಕರ್ತರು ಇಪ್ಪತ್ತು ವರ್ಷ ಅಮೆರಿಕೆಯ ಸೈನ್ಯದಲ್ಲಿದ್ದವರು. ಅದರಲ್ಲಿ ಹತ್ತು ವರ್ಷಗಳನ್ನು ಕೊರಿಯಾದಲ್ಲಿ ಕಳೆದವರು. ಕೊರಿಯಾದ ಯುದ್ಧವು 1953ರಲ್ಲಿ ನಿಂತು ಸುಮಾರು ಇಪ್ಪತ್ತು ವರ್ಷಗಳಾದ ಸಮಯವೇ ಕಥೆಯ ಕಾಲ. ಆಗ ಸಿಯೋಲ್ ನಗರದಲ್ಲಿ ಅಮೆರಿಕೆಯ ಎಂಟನೆಯ ಸೈನ್ಯದ ಠಾಣ್ಯವಿತ್ತು. ಅದರ ಮಗ್ಗುಲಲ್ಲಿಯೇ ಸೈನಿಕರ ವಿನೋದದಿಂದ ಬದುಕುವ ಇಟೇವಾನ್ ಕೇರಿ. ಅಲ್ಲಿ ಕೊರಿಯಾದ ತರುಣಿಯೊಬ್ಬಳ ಕೊಲೆಯಾಗುತ್ತದೆ; ಸುಟ್ಟ ಮನೆಯಲ್ಲಿ ಶವವು ದೊರೆಯುತ್ತದೆ. ಸಂದೇಹವು ಅಮೆರಿಕೆಯ ಸೈನಿಕನ ಮೇಲೆ. ವಿಚಾರಣೆ ಮಾಡಬೇಕಾದವರೂ ಅದೇ ಸೈನ್ಯದ ಪತ್ತೇದಾರರಾದ ಸಾರ್ಜೆಂಟ್ ಜಾರ್ಜ್ ಸುವೆನ್ಯೊ ಮತ್ತು ಅರ್ನಿ ಬಾಸ್ಕಮ್.

ಕಥೆಯ ಗಂಟು ಇಲ್ಲಿದೆ. ಯಾರ ಅನ್ನವನ್ನು ಉಣ್ಣುತ್ತಿರುವರೋ ಅವರ ಮನೆಯಲ್ಲಿಯೇ ಅಪರಾಧಿಯನ್ನು ಹುಡುಕಬೇಕಾಗಿದೆ. ಶೂದ್ರಕನ ಮೃಚ್ಛಕಟಿಕವನ್ನು ಓದಿದವರಿಗೆ ಈ ಸಂಕಟವು ಹೊಸದಲ್ಲ. ಅಲ್ಲಿ ಶಕಾರನು ವಸಂತಸೇನೆಯ ಕೊರಳನ್ನು ತಾನೇ ಹಿಸುಕಿ, ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ತನ್ನ ದೂರನ್ನು ಕೇಳಲೊಲ್ಲದ ನ್ಯಾಯಾಧಿಕಾರಿಯನ್ನು, ರಾಜನಿಗೆ ಹೇಳಿ ಪದವಿಯಿಂದ ತೆಗೆಸುವೆನೆಂದು ಬೆದರಿಸುತ್ತಾನೆ. ಅಧಿಕಾರದ ನಂಟು ಇದ್ದೆಡೆಯಲ್ಲಿ ನ್ಯಾಯಾಸನವು ಹೇಗೆ ನಡುಗುವುದೆಂಬುದನ್ನು ಆ ಒಂಬತ್ತನೆಯ ಅಂಕವು ತೋರಿಸುತ್ತದೆ.

ಸುವೆನ್ಯೊನಿಗೆ ಅಂತಹ ಪದವಿಯೂ ಇಲ್ಲ. ಅವನ ನಿಜವಾದ ಆಯುಧವೆಂದರೆ ತಾನಾಗಿ ಆಸ್ಥೆಯಿಂದ ಕಲಿತ ಕೊರಿಯಾದ ಭಾಷೆ. ಲಾಸ್ ಏಂಜಲೀಸ್ ನಗರದ ಪೂರ್ವಭಾಗದಲ್ಲಿ ತಬ್ಬಲಿಯಾಗಿ ಬೆಳೆದ, ಮೆಕ್ಸಿಕೋ ಮೂಲದ ಈತನಿಗೆ ತಿರಸ್ಕಾರದ ಕಹಿ ಗೊತ್ತು. ಠಾಣ್ಯದವರು ಕೀಳಾಗಿ ಕಾಣುವ ಹೆಂಗಸರನ್ನೂ ಅಂಗಡಿಯವರನ್ನೂ ಅವನು ಅವರವರ ನುಡಿಯಲ್ಲಿಯೇ ಮಾತನಾಡಿಸುತ್ತಾನೆ. ಪರಜನರ ಭಾಷೆಯನ್ನು ಕಲಿಯುವುದು ಅವರಿಗೆ ನ್ಯಾಯವನ್ನು ಸಲ್ಲಿಸುವ ಮೊದಲ ಮೆಟ್ಟಿಲೆಂಬ ತತ್ತ್ವವು ಉಪದೇಶವಿಲ್ಲದೆಯೇ ಮನಸ್ಸಿಗೆ ನಾಟುತ್ತದೆ.

ದೋಷಗಳೂ ಉಂಟು. ಕುಡಿತ, ಹೊಡೆದಾಟಗಳ ವರ್ಣನೆಯಲ್ಲಿ ಪುನರುಕ್ತಿ ಹೆಚ್ಚು. ಕಥೆಯೆಲ್ಲವೂ ಸುವೆನ್ಯೊನ ಬಾಯಿಂದಲೇ ಬರುವುದರಿಂದ ಕೊರಿಯಾದ ಹೆಂಗಸರ ಅಂತರಂಗವು ದೂರವೇ ಉಳಿಯುತ್ತದೆ. ವಸಂತಸೇನೆಯು ಬದುಕಿ ಉಳಿದು, ವಧ್ಯಸ್ಥಾನಕ್ಕೆ ತಾನೇ ಬಂದು ಚಾರುದತ್ತನನ್ನು ಉಳಿಸಿದಳು. ಈ ತರುಣಿಗೆ ಆ ಭಾಗ್ಯವಿಲ್ಲ. ಅವಳ ಪರವಾಗಿ ಪರದೇಶದ ಸಿಪಾಯಿಯೊಬ್ಬನು ಮಾತನಾಡಬೇಕಾಗಿದೆ. ಅವಳ ನುಡಿಯನ್ನು ಬಲ್ಲವನು ಅವನಾದನೆಂಬುದೇ ಈ ಗ್ರಂಥದ ಹಿರಿಮೆ.