ಬೆಂಕಿಬಾಗಿಲಿಗೆ ಒಂದೇ ಪರೀಕ್ಷೆ ಸಾಕೆ?

ರಾಯಚೂರಿನಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ, ಮಹಡಿಯ ಆಸ್ಪತ್ರೆಯನ್ನು ಹೊಕ್ಕಾಗ ಮೆಟ್ಟಿಲ ಬಳಿ ಬೆಂಕಿಬಾಗಿಲು ಇದ್ದರೆ ಗಮನಿಸಿ. ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟಿದ್ದರೆ ಅದು ಬರಿಯ ಹಲಗೆ.

‘ಅಗ್ನಿನಿರೋಧಕ’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಇಂಥ ಬಾಗಿಲು ಬೆಂಕಿಯನ್ನು ಆರಿಸದು. 30, 60 ಅಥವಾ 120 ನಿಮಿಷ ತಡೆಯುತ್ತದೆ, ಅಷ್ಟೆ. ಭಾರತೀಯ ಮಾನಕ ಐಎಸ್ 3614ರಂತೆ ಕುಲುಮೆಯಲ್ಲಿ ಪರೀಕ್ಷಿಸುವುದು ಹೊಸ ಬಾಗಿಲನ್ನು. ಹತ್ತು ವರ್ಷ ಬಳಸಿದ ಬಾಗಿಲಿಗೆ ಆ ಪ್ರಮಾಣಪತ್ರ ಎಷ್ಟು ಸಲ್ಲುತ್ತದೆ? ನಾವು ಕಾಗದವನ್ನು ಕೇಳುತ್ತೇವೆ, ಬಾಗಿಲನ್ನು ನೋಡುವುದಿಲ್ಲ.

ಅಂಚಿನ ಗ್ರಾಫೈಟ್ ಪಟ್ಟಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಪಟ್ಟು ಉಬ್ಬಿ ಸಂದನ್ನು ಮುಚ್ಚುತ್ತದೆ. ಸಂದು 3 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಮಾತ್ರ ಅದು ಸಾಧ್ಯ. ಮಳೆಗಾಲದಲ್ಲಿ ಮರದ ಬಾಗಿಲು ಹಿಗ್ಗಿ ಹಿಡಿದುಕೊಂಡರೆ ಬಡಗಿ ರಂದಾ ಹೊಡೆಯುತ್ತಾನೆ. ಬೇಸಿಗೆಯಲ್ಲಿ ಮರ ಕುಗ್ಗಿ ಅದೇ ಸಂದು ಅಗಲವಾಗುತ್ತದೆ. ರಿಪೇರಿಯೇ ಕೇಡು! ಎಷ್ಟೋ ಸಲ ಬಿಜಾಗರಿಯ ಸ್ಕ್ರೂ ಸಡಿಲಾಗಿ ಬಾಗಿಲು ಜೋತಿರುತ್ತದೆ, ಬಿಗಿದರೆ ಸಾಕಾಗಿತ್ತು. ಹರಿದ ಪಟ್ಟಿಯನ್ನು ಅದೇ ಬಗೆಯದರಿಂದ ಬದಲಿಸಬೇಕು. ಹೊಸ ಬೀಗಕ್ಕೆಂದು ಮನಬಂದಂತೆ ತೂತು ಕೊರೆಯುವುದು ಸಲ್ಲದು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಮಂದಿ ಸತ್ತರು. ಹೊಗೆ ಮಹಡಿಗಳನ್ನು ತುಂಬಿತು. ಕೆಲವರು ಕಿಟಕಿಯಿಂದ ಹಾರಿದರು. ನಿರ್ಗಮನ ದ್ವಾರಗಳಿಗೆ ಬೀಗವಿತ್ತೆಂದು ಆಗ ವರದಿಯಾಯಿತು. ಇಟ್ಟಿಗೆಯಷ್ಟೇ ಅಪಾಯ ಬೀಗದಿಂದಲೂ ಇದೆ.

ಪರೀಕ್ಷೆಗೆ ಉಪಕರಣ ಬೇಡ. ಅನುಮತಿ ಕೇಳಿ, ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಅದು ತಾನಾಗಿಯೇ ಬಂದು ಚಿಲಕಕ್ಕೆ ಕೂಡಬೇಕು.